ಸಹಿ ಬೀಳುವ ತನಕ ಪಾಸಾಗಿಲ್ಲ

ಬಹರೈನಿನಲ್ಲಿ ಇದ್ದಷ್ಟು ಕಾಲ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ "ಆಫೀಸು ಕೆಲಸ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಕನ್ನಡದವರು ಸೇರಿದ ಹಬ್ಬದೂಟದ ಸಾಲಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸರಿಗೆ ಅಷ್ಟು ಸಾಕಾಗುತ್ತಿತ್ತು. ನಿಜ ಹೇಳಬೇಕೆಂದರೆ ನಾನು ವೋಟು ಎಣಿಸುತ್ತಿದ್ದೆ. ಅದೂ ನಮ್ಮ ದೇಶದ್ದಲ್ಲ, ನಾನಿದ್ದ ದೇಶದ್ದೂ ಅಲ್ಲ. ಸಮುದ್ರದಾಚೆ ಅಮೆರಿಕದ ಸಂಸತ್ತಿನಲ್ಲಿ ಯುದ್ಧದ ಖರ್ಚಿಗೆ ಯಾರು ಹೂಂ ಅಂದರು, ಯಾರು ಊಹೂಂ ಅಂದರು, ಅಂದವರು ಯಾಕೆ ಹಾಗಂದರು ಎಂದು ದಿನಾ ಬೆಳಿಗ್ಗೆ ಒಂದೇ ಪುಟದಲ್ಲಿ ಬರೆದು ಸಾಹೇಬರ ಮೇಜಿನ ಮೇಲೆ ಇಡಬೇಕಿತ್ತು.

ಈಗ ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಇದಕ್ಕೆಂದೇ ಕಂಪನಿಗಳಿವೆ. ನಮ್ಮ ನೆಂಟರ ಪೈಕಿ ಇಬ್ಬರು ಹುಡುಗಿಯರು ಪಾಲಿಸಿ ಅನಲಿಸ್ಟ್ ಎಂದು ಕಾರ್ಡು ಮಾಡಿಸಿಕೊಂಡಿದ್ದಾರೆ. "ಆಂಟಿ, ನೀವು ಎಷ್ಟೋ ವರ್ಷದ ಹಿಂದೇನೇ ಈ ಕೆಲಸ ಮಾಡಿದೋರು, ನಮಗೆ ಬರೆದು ಕೊಡ್ರಿ" ಎಂದು ಗಂಟುಬಿದ್ದಿದ್ದಾರೆ. ಬರೆಯುತ್ತೇನೆ. ಆದರೆ ಬಡ್ತಿ, ಗೋಡೆಗೆ ತೂಗುಹಾಕಿದ ಪ್ರಶಸ್ತಿಪತ್ರ, ಇಂಥವನ್ನು ಬಿಟ್ಟುಬಿಡುತ್ತೇನೆ. ಆ ಪತ್ರಗಳನ್ನು ಊರಿಗೆ ಬರುವಾಗ ಅಲ್ಲೇ ಬಿಟ್ಟು ಬಂದೆ. ತಂದದ್ದು ಒಂದು ಶುಕ್ರವಾರವನ್ನು ಮಾತ್ರ. ಅದನ್ನು ಹೇಳುವುದಕ್ಕೆ ಮೊದಲು ಕೆಲಸ ಹೇಗಿತ್ತೆಂದು ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ.

ನಾನು ದಾವಣಗೆರೆಯವಳು. ಬಿ.ಕಾಂ. ಓದಿ ಶಾರ್ಟ್‌ಹ್ಯಾಂಡ್ ಕಲಿತಿದ್ದೆ. ನಮ್ಮನೆಯವರಿಗೆ ಮನಾಮದ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು. ಬುಸೈತೀನಿನಲ್ಲಿ ಫ್ಲ್ಯಾಟು ಹಿಡಿದೆವು. ಮನೆಯಲ್ಲಿ ಕೂತು ಬೇಸರವಾಗಿ ನಾನೂ ಒಂದು ಕಂಪನಿಗೆ ಸೇರಿದೆ. ಅಮೆರಿಕದ ಕಂಪನಿ. ಕೊಲ್ಲಿಯಲ್ಲಿ ಬೀಡುಬಿಟ್ಟ ಸೈನ್ಯಕ್ಕೆ ಊಟದ ಸಾಮಾನು ಒದಗಿಸುವುದು, ಮಾಂಸ, ಹಾಲು, ತರಕಾರಿ ಕೆಡದಂತೆ ಕೋಲ್ಡ್ ಸ್ಟೋರಿನಲ್ಲಿ ಇಡುವುದು, ಬಟ್ಟೆ ಒಗೆದು ಕೊಡುವುದು ಇದರ ವ್ಯಾಪಾರ. ಹೆಸರು ಬರೆಯುವುದಿಲ್ಲ. ಆ ಕಂಪನಿ ಈಗ ಇಲ್ಲ, ಬೇರೊಂದು ಕಂಪನಿಯ ಹೊಟ್ಟೆ ಸೇರಿದೆ. ನಮ್ಮ ದೊಡ್ಡ ಸಾಹೇಬರು ಅಮೆರಿಕದವರು, ಕೆಂಪು ಕತ್ತಿನ, ಮೆಲುದನಿಯ ಮನುಷ್ಯ. ನನ್ನನ್ನು 'ಗಿರಿ' ಎನ್ನುತ್ತಿದ್ದರು. ಗಿರಿಜಾ ಎನ್ನುವಷ್ಟು ವ್ಯವಧಾನ ಅವರಿಗೆ ಇರಲಿಲ್ಲ.

ಮೊದಮೊದಲು ಪತ್ರಿಕೆಯ ಚೂರುಗಳನ್ನು ಕತ್ತರಿಸಿ ಅಂಟಿಸುತ್ತಿದ್ದೆ. ಒಮ್ಮೆ ಕಂಪನಿಯ ವಾಷಿಂಗ್ಟನ್ ಆಫೀಸಿನಿಂದ ಒಂದು ದಪ್ಪ ಮಸೂದೆ ಫ್ಯಾಕ್ಸಿನಲ್ಲಿ ಬಂತು. ಸುಮ್ಮನೆ ಇರಲಾರದೆ ಅದನ್ನು ಪೂರ್ತಿ ಓದಿ, ನಮಗೆ ಸಂಬಂಧಪಟ್ಟ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟೆ. ಸಾಹೇಬರು ನನ್ನನ್ನೂ ಕಾಗದವನ್ನೂ ಎರಡೆರಡು ಸಲ ನೋಡಿದರು. ಅಂದಿನಿಂದ ವೋಟಿನ ಪುಟ ನನ್ನ ಕೊರಳಿಗೆ ಬಿತ್ತು. ಇರಾಕಿನ ಯುದ್ಧ ಸುರುವಾದ ಮೇಲಂತೂ ಅದು ದಿನಾ ಬೇಕಾಯಿತು. ಸಂಸತ್ತು ದುಡ್ಡು ಕೊಟ್ಟರೆ ಸೈನ್ಯ ಇರುತ್ತದೆ, ಸೈನ್ಯ ಇದ್ದರೆ ನಾವು ಇರುತ್ತೇವೆ, ಅಷ್ಟೇ ಲೆಕ್ಕ.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಬೆಳಿಗ್ಗೆ ಬಂದು ನೋಡಿದರೆ ಹೂಂ ಎಂದವರ ಸಂಖ್ಯೆ ದೊಡ್ಡದಾಗಿ ಕಾಣಿಸಿತು. "ಯುದ್ಧದ ದುಡ್ಡು ಪಾಸಾಯಿತು" ಎಂದು ಬರೆದು ಇಟ್ಟೆ. ಸಾಹೇಬರು ಅದನ್ನು ನಂಬಿ ಸಿತ್ರಾದಲ್ಲಿ ಎರಡನೆಯ ಕೋಲ್ಡ್ ಸ್ಟೋರು ಬಾಡಿಗೆಗೆ ಹಿಡಿಯಲು ಒಪ್ಪಿಗೆ ಕೊಟ್ಟುಬಿಟ್ಟರು. ಮಧ್ಯಾಹ್ನ ಗೊತ್ತಾಯಿತು, ಅವರು ವೋಟು ಹಾಕಿದ್ದು ದುಡ್ಡಿಗಲ್ಲ, ಅದರ ಮೇಲೆ ಎಷ್ಟು ಹೊತ್ತು ಚರ್ಚೆ ಮಾಡಬೇಕು ಎಂಬುದಕ್ಕೆ. ಅಲ್ಲಿಯ ಸಂಸತ್ತಿಗೆ ಎರಡು ಮನೆ, ಮಸೂದೆ ಇನ್ನೂ ಒಂದನ್ನೂ ದಾಟಿರಲಿಲ್ಲ. ಬಾಡಿಗೆ ಕರಾರನ್ನು ಕೈಕಾಲು ಹಿಡಿದು ಬಿಡಿಸಿಕೊಳ್ಳಬೇಕಾಯಿತು. ಸಾಹೇಬರು ಬೈಯಲಿಲ್ಲ. ನನ್ನ ಪುಟದ ಅಂಚಿನಲ್ಲಿ ಹಸಿರು ಇಂಕಿನಲ್ಲಿ ಬರೆದು ಹಿಂದಕ್ಕೆ ಕೊಟ್ಟರು: 'ಒಂದು ಮನೆ ಒಪ್ಪಿದರೆ ಪಾಸಲ್ಲ. ಎರಡು ಮನೆ ಒಪ್ಪಿದರೂ ಪಾಸಲ್ಲ. ಅಧ್ಯಕ್ಷರ ಸಹಿ ಬೀಳುವ ತನಕ ಪಾಸಾಗಿಲ್ಲ.' ಅದನ್ನು ಕಂಪ್ಯೂಟರಿನ ಪಕ್ಕದಲ್ಲಿ ಅಂಟಿಸಿಕೊಂಡೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವ ಮೊದಲ ಮಾತೂ ಇದೇ. ಇದು ಸರಿಯಾದ ಮಾತು. ಇದನ್ನೇ ಗುರಾಣಿ ಮಾಡಿಕೊಂಡದ್ದು ನಾನು.

ಆಮೇಲೆ ಕೆಲಸದ ಒಳಗುಟ್ಟುಗಳು ಒಂದೊಂದೇ ತಿಳಿದವು. ಯುದ್ಧದ ಮಸೂದೆಯಲ್ಲಿ ಯುದ್ಧ ಮಾತ್ರ ಇರುವುದಿಲ್ಲ. ಒಂದು ಸಲ ಓದುತ್ತಾ ಹೋದರೆ ಶೇಂಗಾ ದಾಸ್ತಾನಿಗೆ ನೆರವು ಎಂದು ಬಂತು. ದಾವಣಗೆರೆಯವಳಿಗೆ ಶೇಂಗಾ ಕಂಡರೆ ಎಷ್ಟು ಸಂತೋಷ ನೋಡಿ, ಕುರ್ಚಿಯಲ್ಲೇ ನಕ್ಕುಬಿಟ್ಟೆ. ಬಂದೂಕಿಗೂ ಶೇಂಗಾಕ್ಕೂ ಏನು ಸಂಬಂಧ? ಸಂಬಂಧವಿತ್ತು. ಯುದ್ಧ ಬೇಡ ಎನ್ನುವ ಸದಸ್ಯನ ಕ್ಷೇತ್ರದಲ್ಲಿ ಶೇಂಗಾ ಬೆಳೆಯುವವರಿದ್ದರೆ ಅವನು ಊಹೂಂ ಎನ್ನುವ ಮೊದಲು ಎರಡು ಸಲ ಯೋಚಿಸುತ್ತಾನೆ. ಬಾಳೆಹಣ್ಣಿನೊಳಗೆ ಗುಳಿಗೆ ಇಟ್ಟು ಮಕ್ಕಳಿಗೆ ನುಂಗಿಸುವ ಹಾಗೆ. ಯುದ್ಧ ಬೇಡ ಎನ್ನುವವರು ಸೈನ್ಯ ವಾಪಸು ಬರಬೇಕಾದ ಗಡುವನ್ನು ಅದೇ ಮಸೂದೆಯಲ್ಲಿ ಸೇರಿಸಿದ್ದರು. ದುಡ್ಡು ಬೇಕಿದ್ದರೆ ಗಡುವನ್ನೂ ಒಪ್ಪು ಎಂದು. ಅಧ್ಯಕ್ಷರು ಒಪ್ಪದೆ ಮಸೂದೆಯನ್ನೇ ತಿರುಗಿಸಿ ಕಳಿಸಿದರು. ಅದು 2007ರ ಬೇಸಿಗೆ. ನಮ್ಮ ಆಫೀಸಿನಲ್ಲಿ ಎಲ್ಲರ ಮುಖ ಒಣಗಿದ್ದು ಆಗಲೇ.

ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿಸಿದರು. ವಾಷಿಂಗ್ಟನ್ ಆಫೀಸಿಗೆ ಕೆಲವು ಮುಖಗಳು ಬೇಕಾಗಿದ್ದವು. ದುಡ್ಡು ತಡವಾದರೆ ಸೈನಿಕರ ಊಟದ ಸಾಮಾನು ಕಾಯುವ ಮನುಷ್ಯನನ್ನೇ ಮನೆಗೆ ಕಳಿಸಬೇಕಾಗುತ್ತದೆ ಎಂದು, ಹಿಂದೇಟು ಹಾಕುವ ಸದಸ್ಯರೊಬ್ಬರಿಗೆ ಫೋಟೋ ಸಮೇತ ತೋರಿಸುವುದು ಅವರ ಉಪಾಯ. ಸುಮ್ಮನೆ ತೋರಿಸಿದರೆ ಸುಳ್ಳಾಗುತ್ತದೆ. ಆದ್ದರಿಂದ ಕೆಲವರಿಗೆ ನಿಜವಾಗಿಯೇ ನೋಟೀಸು ಕೊಟ್ಟು, ಸಹಿ ಹಾಕಿಸಿಕೊಂಡು, ಅದರ ಪ್ರತಿ ಕಳಿಸಬೇಕು. ಮಸೂದೆ ಪಾಸಾದ ಮೇಲೆ ನೋಟೀಸನ್ನು ಹಿಂದಕ್ಕೆ ತೆಗೆದುಕೊಂಡರಾಯಿತು.

"ಸರ್, ಬೇಸಿಗೆ ಪೂರ್ತಿ ನಡೆಯುವಷ್ಟು ದುಡ್ಡು ನಮ್ಮ ಹತ್ತಿರ ಇದೆಯಲ್ಲ" ಎಂದೆ. ಆ ಮಾತು ನನ್ನದೇ ಪುಟದಲ್ಲಿತ್ತು.

"ಇದೆ. ಯಾರ ಕೆಲಸವೂ ಹೋಗುವುದಿಲ್ಲ. ಈ ಕಾಗದ ವಾಷಿಂಗ್ಟನ್‌ಗೆ ಬರೆದದ್ದು, ಗಿರಿ, ಅವರಿಗಲ್ಲ. ಆದರೆ ಅದನ್ನು ಅವರಿಗೆ ಹೇಳಬೇಡ. ಹೇಳಿದರೆ ಊರೆಲ್ಲ ಹಬ್ಬುತ್ತದೆ" ಎಂದರು. ಆಮೇಲೆ ಬಾಗಿಲು ತೆಗೆಯುತ್ತಾ ಸೇರಿಸಿದರು, "ಹೆಸರುಗಳನ್ನು ನೀನೇ ಆರಿಸು. ಸಂಸಾರ ಇರುವವನು ಒಬ್ಬನಾದರೂ ಇರಲಿ."

ಏಳು ಹೆಸರು ಆರಿಸಿದೆ. ಆರು ಜನ ಒಂಟಿಯಾಗಿ ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ಇರುವವರು. ಏಳನೆಯವರು ಸಂಜೀವಣ್ಣ.

ಸಂಜೀವಣ್ಣ ಮೂಲ್ಕಿಯವರು. ನಮ್ಮ ಕೋಲ್ಡ್ ಸ್ಟೋರಿನ ಫೋರ್ಮನ್. ಮನೆಯಲ್ಲಿ ತುಳು, ನನ್ನ ಜೊತೆ ಮಂಗಳೂರು ಕನ್ನಡ, ಉಳಿದವರ ಜೊತೆ ಹಿಂದಿ. ಬಾಗಿಲಿನ ರಬ್ಬರಿನ ಮೇಲೆ ಅಂಗೈ ಇಟ್ಟರೆ ಸಾಕು, ಎಲ್ಲಿಂದ ತಂಪು ಸೋರುತ್ತಿದೆ ಎಂದು ಹೇಳುತ್ತಿದ್ದರು. ನಮ್ಮ ಮನೆಯ ಫ್ರಿಜ್ಜು ಕೆಟ್ಟಾಗ ರಜೆಯ ದಿನ ಬಂದು ರಿಪೇರಿ ಮಾಡಿ, ಎರಡು ಲೋಟ ಚಹಾ ಕುಡಿದು, "ಇದಕ್ಕೆಲ್ಲ ಎಂತ ಕೊಡೋದು ಮಾರಾಯ್ರೆ, ನೀವು ನಮ್ಮವರೇ ಅಲ್ವಾ" ಎಂದು ಎದ್ದು ಹೋಗಿದ್ದರು. ಹೂರಾದಲ್ಲಿ ಒಂದು ದರ್ಜಿ ಅಂಗಡಿಯ ಮೇಲೆ ಒಂದೂವರೆ ಕೋಣೆಯ ಮನೆ. ಹೆಂಡತಿ ಜಯಂತಿ, ಮಗಳು ಶ್ರಾವ್ಯ. ಶ್ರಾವ್ಯ ಬಹರೈನಿನಲ್ಲೇ ಹುಟ್ಟಿದವಳು, ಅಲ್ಲಿಯ ಇಂಡಿಯನ್ ಶಾಲೆಯಲ್ಲಿ ಹತ್ತನೆಯ ತರಗತಿಗೆ ಆಗಷ್ಟೇ ಕಾಲಿಟ್ಟಿದ್ದಳು.

ಅವರ ಫೈಲಿನಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಹಾಗಾಗಿಯೇ ಆರಿಸಿದೆ. ಇಂಥವರನ್ನು ತೆಗೆಯುತ್ತಾರಂತೆ ಎಂದರೆ ಯಾರಿಗಾದರೂ ಅಯ್ಯೋ ಅನಿಸಬೇಕು, ಅದೇ ನನ್ನ ಬುದ್ಧಿವಂತಿಕೆ. ಫೋಟೋ ತೆಗೆಯಲು ಕಂಪನಿಯ ಫೋಟೋಗ್ರಾಫರನನ್ನು ಕರೆದುಕೊಂಡು ಹೂರಾಕ್ಕೆ ನಾನೇ ಹೋದೆ. ಕಂಪನಿಯ ಮ್ಯಾಗಜೀನಿಗೆ ಎಂದು ಸುಳ್ಳು ಹೇಳಿದೆ. ಜಯಂತಿ ಗಡಿಬಿಡಿಯಲ್ಲಿ ಸೀರೆ ಬದಲಾಯಿಸಿ ಬಂದರು. ಶ್ರಾವ್ಯಳಿಗೆ ಶಾಲೆಯ ಯೂನಿಫಾರ್ಮ್ ಹಾಕಿಸಿದೆ. ರಜೆಯ ದಿನ ಯೂನಿಫಾರ್ಮ್ ಯಾಕೆ ಎಂದು ಅವಳು ಮುಖ ಊದಿಸಿಕೊಂಡಳು. "ಆಂಟಿ, ಮ್ಯಾಗಜೀನ್ ಬಂದ್ರೆ ನಂಗೊಂದು ಕಾಪಿ ಪ್ಲೀಸ್" ಎಂದು ಆಮೇಲೆ ತಾನೇ ನಕ್ಕಳು. ನೀರುದೋಸೆ ತಿಂದು ಬಂದೆ. ನಾಚಿಕೆಯಾದರೂ ಬರೆಯುತ್ತೇನೆ, ಎರಡನೆಯ ಸಲ ಬಡಿಸಿಕೊಂಡು ತಿಂದೆ.

ಮುಂದಿನ ವಾರ ನೋಟೀಸು ಕೊಟ್ಟೆ. ಕಾಗದ ಇಂಗ್ಲಿಷಿನಲ್ಲಿತ್ತು. ಏಳು ಜನರನ್ನೂ ಒಬ್ಬೊಬ್ಬರಾಗಿ ಕರೆದು ಹಿಂದಿಯಲ್ಲಿ, ಸಂಜೀವಣ್ಣನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಯುದ್ಧದ ನಿಧಿಗೆ ಸಕಾಲದಲ್ಲಿ ಮಂಜೂರಾತಿ ಸಿಗದಿದ್ದರೆ ಮುಂದಿನ ತಿಂಗಳಿಂದ ನಿಮ್ಮ ಸೇವೆಯನ್ನು ಮುಂದುವರಿಸಲು ಸಾಧ್ಯವಾಗಲಿಕ್ಕಿಲ್ಲ ಎಂದು. ಉಳಿದ ಆರು ಜನ ಭುಜ ಕುಣಿಸಿ ಸಹಿ ಹಾಕಿ ಹೋದರು. ಕೊಲ್ಲಿಯಲ್ಲಿ ಇಂಥ ಕಾಗದ ಎಷ್ಟೋ ನೋಡಿದವರು ಅವರು. ಸಂಜೀವಣ್ಣ ಪೆನ್ನು ಹಿಡಿದು ಕೂತರು.

"ಮೇಡಂ, ಇದು ನಿಜವಾ?"

"ಕಾಗದ ನಿಜವೇ ಸಂಜೀವಣ್ಣ."

"ಅಲ್ಲ, ನಾನು ಎಂತ ತಪ್ಪು ಮಾಡಿದ್ದು? ಮೊನ್ನೆ ಮೊನ್ನೆ ಫೋಟೋ ತೆಗೆದದ್ದು ಅಲ್ವಾ?"

"ನಿಮ್ಮದೇನೂ ತಪ್ಪಿಲ್ಲ, ಅಲ್ಲಿ ಸಂಸತ್ತಿನಲ್ಲಿ ಗಲಾಟೆ" ಎಂದೆ. ಅವರು ಸಹಿ ಹಾಕಿ, ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಅವರು ಸುಮ್ಮನೆ ಕೂರುವ ಮನುಷ್ಯನಲ್ಲ. ಅಸ್ಕರ್ ಕಡೆ ಕಾರ್ಖಾನೆಯಲ್ಲಿ ಜಯಂತಿಯ ಅಣ್ಣ ಇದ್ದ. ಅಲ್ಲಿಗೆ ಹೋಗಿ ಕೆಲಸ ಕೇಳಿದರು. ಐವತ್ತು ದಾಟಿದವರಿಗೆ ಆಗುವುದಿಲ್ಲ ಎಂದರಂತೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಮೂವರೂ ಒಟ್ಟಿಗೆ ಹೊರಡಬೇಕು. ಶಾಲಾ ವರ್ಷದ ನಡುವೆ ಹೊರಟರೆ ಊರಿನಲ್ಲಿ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಊರಿನ ಶಾಲೆ ಸುರುವಾಗುವುದು ಮುಂಗಾರಿನ ಹೊತ್ತಿಗೆ. ಈಗಲೇ ಹೆಂಡತಿ ಮಗಳನ್ನು ಕಳಿಸಿಬಿಟ್ಟರೆ ಮಗಳಿಗೆ ಸೀಟಾದರೂ ಸಿಗುತ್ತದೆ. ಈ ಲೆಕ್ಕಾಚಾರ ಹಾಕಿಕೊಂಡು ಅವರು ನನ್ನ ಹತ್ತಿರ ಬಂದದ್ದು ಒಂದು ಸೋಮವಾರ ಮಧ್ಯಾಹ್ನ.

ಅದೇ ಬೆಳಿಗ್ಗೆ ನಾನು ನನ್ನ ಬದುಕಿನಲ್ಲೇ ಅತಿ ಚೆಂದದ ಪುಟ ಬರೆದಿದ್ದೆ. ಹೊಸ ಮಸೂದೆಯನ್ನು ಹೇಗೆ ದಾಟಿಸುವುದು ಎಂಬುದಕ್ಕೆ ಅಲ್ಲಿಯ ಬಹುಮತದ ಮುಖಂಡರು ಒಂದು ದಾರಿ ಹುಡುಕಿದ್ದರು. ಮಸೂದೆಯನ್ನು ಎರಡು ತುಂಡು ಮಾಡುವುದು. ಒಂದು ತುಂಡಿನಲ್ಲಿ ಯುದ್ಧದ ದುಡ್ಡು, ಇನ್ನೊಂದರಲ್ಲಿ ಜನರಿಗೆ ಬೇಕಾದ ನೆರವು. ಎರಡಕ್ಕೂ ಬೇರೆ ಬೇರೆ ವೋಟು. ಯುದ್ಧ ಬೇಡ ಎನ್ನುವವರು ಮೊದಲನೆಯದಕ್ಕೆ ಊಹೂಂ ಎಂದು ತಮ್ಮ ಜನರಿಗೆ ಮುಖ ತೋರಿಸಬಹುದು, ಯುದ್ಧ ಬೇಕೆನ್ನುವವರು ಅದಕ್ಕೆ ಹೂಂ ಎನ್ನುತ್ತಾರೆ. ಎರಡನೆಯದಕ್ಕೆ ತಿರುಗಾಮುರುಗಾ. ಕೊನೆಗೆ ಎರಡೂ ತುಂಡು ಪಾಸಾಗಿ ಮತ್ತೆ ಒಂದಾಗುತ್ತವೆ. ದುಡ್ಡು ಹೋಗುತ್ತದೆ, ಆದರೆ ಕೊಟ್ಟವರು ಯಾರೆಂದು ಬೆರಳು ಮಾಡಿದರೆ ಎಲ್ಲರೂ ಪಾರು. ಸಾಹೇಬರು ಓದಿ ಮೇಜು ಕುಟ್ಟಿದರು. ನನಗೂ ಆ ಜಾಣತನಕ್ಕೆ ತಲೆದೂಗಬೇಕು ಅನಿಸಿತ್ತು.

ಮಧ್ಯಾಹ್ನ ಸಂಜೀವಣ್ಣ ಬಂದು ಎದುರಿಗೆ ಕೂತರು. ಜೊತೆಗೆ ಶ್ರಾವ್ಯ. ಪಾಸ್‌ಪೋರ್ಟಿನ ಪ್ರತಿಗಳ ಮೇಲೆ ಸಹಿಗೆಂದು ಕರೆತಂದಿದ್ದರು.

"ಮೇಡಂ, ನೀವು ದಿನಾ ಅದೇ ಓದೋದು ಅಲ್ವಾ? ಒಂದು ಮಾತು ಹೇಳಿ ಸಾಕು. ಇವರನ್ನು ಕಳಿಸ್ಲಿಕ್ಕೆ ಉಂಟಾ, ಬೇಡ್ವಾ?"

ಆ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. 'ಕಳಿಸಬೇಡಿ' ಎಂಬ ಒಂದೇ ಮಾತು. ಹೇಳಿದ್ದರೆ ನಾನು ಸಾಹೇಬರಿಗೆ ಕೊಟ್ಟ ಮಾತು ತಪ್ಪುತ್ತಿತ್ತು. 'ಕಳಿಸಿ' ಎಂದಿದ್ದರೆ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಕಲಿತ ವಿದ್ಯೆ ಬಾಯಿಗೆ ಬಂತು. ಪ್ರಶ್ನೆಯನ್ನೇ ಎರಡು ತುಂಡು ಮಾಡಿದೆ.

"ನೋಡಿ ಸಂಜೀವಣ್ಣ, ಕೆಲಸದ ವಿಷಯ ಬೇರೆ, ಮಗಳ ವಿಷಯ ಬೇರೆ. ಕೆಲಸದ ವಿಷಯ ಕೇಳಿದ್ರೆ, ನೀವು ಅಷ್ಟೊಂದು ಹೆದರಬೇಕಾದ್ದು ಇಲ್ಲ ಅನ್ಸುತ್ತೆ. ಮಗಳ ವಿಷಯ ಅಂದ್ರೆ, ತಂದೆಯಾಗಿ ನಿಮಗೆ ಯಾವುದು ಸರಿಯೋ ಅದನ್ನೇ ಮಾಡಿ. ನಾನು ಬೇಡ ಅನ್ನೋಕೆ ಆಗಲ್ಲ."

ಎರಡು ಕಡೆಯೂ ವೋಟು ಹಾಕಿದೆ. ನಾಳೆ ಏನಾದರೂ ನನ್ನ ಮೇಲೆ ಬರುವಂತಿರಲಿಲ್ಲ. ಸಂಜೀವಣ್ಣ ನನ್ನ ಮಾತನ್ನು ತೂಗಿ ನೋಡಿದರು. "ನೀವು ಬೇಡ ಅನ್ಲಿಲ್ಲ ಅಲ್ವಾ, ಹಾಗಾದ್ರೆ ಎಂತದೋ ಉಂಟು" ಎಂದರು. ನಾನು ಬಚಾವಾಗಲು ಬಿಟ್ಟ ಸಂದಿನಲ್ಲಿ ಅವರು ಎಚ್ಚರಿಕೆಯನ್ನು ಓದಿಕೊಂಡಿದ್ದರು.

ಶ್ರಾವ್ಯ ಸಹಿ ಮಾಡುತ್ತಾ ತಲೆ ಎತ್ತದೆ ಕೇಳಿದಳು. "ಆಂಟಿ, ಇದು ಜಸ್ಟ್ ಟೆಂಪರರಿ ಅಲ್ವಾ? ನಾವು ವಾಪಸ್ ಬರ್ತೇವಲ್ಲ?"

ಅವಳಿಗೂ ನಾನು ಏನೋ ಒಂದು ಅರ್ಧ ಮಾತು ಹೇಳಿದೆ. ಏನೆಂದು ನೆನಪಿಲ್ಲ.

ಬುಧವಾರ ನಮ್ಮ ಮಂದೂಬ್ ಯೂಸುಫ್ ಫೈಲು ಹಿಡಿದು ಬಂದ. ಮಂದೂಬ್ ಎಂದರೆ ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಕಾಗದ ಹೊತ್ತು ಓಡಾಡುವವನು. ಬಹರೈನಿನವನೇ, ಒಳ್ಳೆಯ ಮನುಷ್ಯ. ಜಯಂತಿ ಮತ್ತು ಶ್ರಾವ್ಯಳ ವೀಸಾ ರದ್ದು ಮಾಡುವ ಅರ್ಜಿಗೆ ನನ್ನ ಸಹಿ ಬೇಕಿತ್ತು. "ಮೇಡಂ, ಸೋಚ್ ಲೋ. ಸ್ಟಾಂಪ್ ಲಗಾ ತೋ ಖಲಾಸ್, ಫಿರ್ ವಾಪಸ್ ನಹೀ" ಎಂದ. ಮುದ್ರೆ ಬಿದ್ದರೆ ಮುಗಿಯಿತು, ಮತ್ತೆ ವಾಪಸು ಇಲ್ಲ ಎಂದು ಅವನು ಹೇಳಿದ್ದು ನಿಜ. ಸಂಜೀವಣ್ಣನಿಗೆ ಫ್ಯಾಮಿಲಿ ವೀಸಾ ಸಿಕ್ಕಿದ್ದು ಹಳೆಯ ಕಾಲದಲ್ಲಿ. ಈಗ ಹೊಸದಾಗಿ ಕೇಳಿದರೆ ಅವರ ಸಂಬಳ ಸಾಲುತ್ತಿರಲಿಲ್ಲ. ನಾನು ಫೈಲನ್ನು ಊಟದ ಹೊತ್ತಿನವರೆಗೆ ಡ್ರಾಯರಿನಲ್ಲಿ ಇಟ್ಟುಕೊಂಡೆ. ಆಮೇಲೆ ಸಹಿ ಹಾಕಿದೆ.

ಇನ್ನು ಆ ಶುಕ್ರವಾರ. ಅಲ್ಲಿ ನಮಗೆ ಶುಕ್ರವಾರ ರಜೆ. ಮಸೂದೆಯ ಮೇಲೆ ವೋಟು ಗುರುವಾರ ಎಂದು ಗೊತ್ತಿತ್ತು. ಬೆಳಿಗ್ಗೆ ಏಳಕ್ಕೆ ಎದ್ದು, ಹಲ್ಲು ಕೂಡ ಉಜ್ಜದೆ ಕಂಪ್ಯೂಟರ್ ಹಚ್ಚಿದೆ. ಎರಡೂ ಮನೆಗಳು ದಾಟಿಸಿದ್ದವು. ಎರಡು ತುಂಡಿನ ಉಪಾಯ ಹೇಳಿದಂತೆಯೇ ನಡೆದಿತ್ತು, ಅದನ್ನು ಸಭೆಗೆ ತಂದವರೇ ಯುದ್ಧದ ತುಂಡಿಗೆ ಊಹೂಂ ಎಂದಿದ್ದರು. ಗಡುವು ಇರಲಿಲ್ಲ. ಸಹಿ ಹಾಕುತ್ತೇನೆ ಎಂದು ಅಧ್ಯಕ್ಷರು ಮೊದಲೇ ಹೇಳಿಯಾಗಿತ್ತು.

ಜಯಂತಿ, ಶ್ರಾವ್ಯರ ವಿಮಾನ ಸಂಜೆ ನಾಲ್ಕಕ್ಕೆ.

ಫೋನು ಕೈಗೆತ್ತಿಕೊಂಡು ಮೊದಲು ಸಾಹೇಬರಿಗೆ ಮಾಡಿದೆ. ಅವರು ಮಕ್ಕಳ ಜೊತೆ ಸಮುದ್ರದ ದಂಡೆಯಲ್ಲಿದ್ದರು, ಗಾಳಿಯ ಸದ್ದು ಕೇಳುತ್ತಿತ್ತು. "ಸಂಜೀವನಿಗೆ ಹೇಳಿಬಿಡಲೇ?" ಎಂದೆ. "ಭಾನುವಾರ ಕಾಗದದಲ್ಲಿ ಹೇಳೋಣ. ಸಹಿ ಬಿದ್ದಿಲ್ಲವಲ್ಲ ಇನ್ನೂ? ನಿನ್ನ ಕೋಲ್ಡ್ ಸ್ಟೋರು ಮರೆತೆಯಾ, ಗಿರಿ?" ಎಂದು ನಕ್ಕರು. ತಮಾಷೆಗೆ ಅಂದದ್ದು. ಹೇಳಬೇಡ ಎಂದು ಅವರು ಅನ್ನಲಿಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಎಷ್ಟೋ ವರ್ಷ ನಾನು ನನಗೆ ಹೇಳಿಕೊಂಡದ್ದು ಸಾಹೇಬರು ತಡೆದರು ಎಂದೇ.

ಆಮೇಲೆ ಫೋನು ಹಿಡಿದು ಸೋಫಾದ ಮೇಲೆ ಕೂತೆ. ಸಂಜೀವಣ್ಣನಿಗೆ ಈಗ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಫೋಟೋ ಯಾಕೆ ತೆಗೆದದ್ದು ಎಂದು ಕೇಳುತ್ತಾರೆ. ಟಿಕೆಟ್ಟು, ರದ್ದಾದ ವೀಸಾ, ಶಾಲೆ ಬಿಡಿಸಿದ ಕಾಗದ, ಎಲ್ಲಕ್ಕೂ ನಾನೇ ಉತ್ತರ ಹೇಳಬೇಕು. ಅವತ್ತೇ ಹೇಳಿದ್ದರೆ ಅವುಗಳಲ್ಲಿ ಕೆಲವನ್ನಾದರೂ ಸರಿಪಡಿಸಬಹುದಿತ್ತು. ಯೂಸುಫನಿಗೆ ಕಚೇರಿಗಳಲ್ಲಿ ಪರಿಚಯವಿತ್ತು. ಶಾಲೆಯವರೂ ಮನುಷ್ಯರೇ.

ನಮ್ಮನೆಯವರು ಪೇಪರಿನಿಂದ ತಲೆ ಎತ್ತಿದರು. "ಫೋನ್ ಮಾಡೋದಿದ್ರೆ ಮಾಡು. ಸುಮ್ನೆ ಅದನ್ನೇ ನೋಡ್ಕೊಂತ ಕುಂತ್ರೆ ಏನ್ ಬಂತು?"

"ಇನ್ನೂ ಸಹಿ ಬಿದ್ದಿಲ್ಲ" ಎಂದೆ.

"ಯಾವ ಸಹಿ?"

ನಾನು ಎದ್ದು ಹೋಗಿ ಅಕ್ಕಿ ತೊಳೆದಿಟ್ಟೆ. ಚಿತ್ರಾನ್ನ ಮಾಡಿದೆ. ಮೂರು ಗಂಟೆಗೆ ಅವರು ವಿಮಾನ ನಿಲ್ದಾಣದೊಳಗೆ ಹೋಗಿರುತ್ತಾರೆ ಎಂದುಕೊಂಡೆ. ಬುಸೈತೀನಿನಿಂದ ನಿಲ್ದಾಣ ಹತ್ತಿರ, ಕಾರಿನಲ್ಲಿ ಕೆಲವೇ ನಿಮಿಷ. ನಾಲ್ಕರ ನಂತರ ಒಂದು ವಿಮಾನ ಮನೆಯ ಮೇಲೆಯೇ ಹಾದುಹೋಯಿತು. ಅವರದ್ದೇ ಎಂದು ಹೇಗೆ ಹೇಳಲಿ, ಅಲ್ಲಿ ದಿನವಿಡೀ ವಿಮಾನಗಳೇ. ಆದರೂ ಕಿಟಕಿ ಹಾಕಿಬಿಟ್ಟೆ. ಮಾರನೆಯ ದಿನ ನೋಡಿದರೆ ಸಹಿ ಬಿದ್ದಿತ್ತು.

ಭಾನುವಾರ ಏಳು ಜನರಿಗೂ ನೋಟೀಸು ಹಿಂತೆಗೆದ ಪತ್ರ ಕೊಟ್ಟೆ. ಆರು ಜನ ಅದಕ್ಕೂ ಭುಜ ಕುಣಿಸಿದರು. ಸಂಜೀವಣ್ಣ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಮುಖದಲ್ಲಿ ಮೊದಲು ಸಂತೋಷವೇ ಕಂಡಿತು. ಆಮೇಲೆ, "ಒಂದು ನಾಲ್ಕು ದಿನ ತಡೆದಿದ್ರೆ ಆಗ್ತಿತ್ತು, ಅಲ್ವಾ ಮೇಡಂ? ನನಗೇ ಅವಸರ" ಎಂದರು. ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ನಾನು ಪತ್ರದ ಪ್ರತಿಯ ಮೇಲೆ ಅವರ ಸಹಿ ಹಾಕಿಸಿಕೊಂಡೆ.

ಊರಿನಲ್ಲಿ ಶ್ರಾವ್ಯಳನ್ನು ನೇರವಾಗಿ ಹತ್ತಕ್ಕೆ ಸೇರಿಸಿಕೊಳ್ಳಲಿಲ್ಲ, ಪಠ್ಯ ಬೇರೆ ಎಂದು ಒಂಬತ್ತಕ್ಕೆ ಹಾಕಿದರು. ಕನ್ನಡ ಓದಲು ಬರೆಯಲು ಅವಳು ಮೊದಲಿನಿಂದ ಕಲಿಯಬೇಕಾಯಿತು. ಅಪ್ಪನ ಜೊತೆ ಫೋನಿನಲ್ಲಿ ಆರು ತಿಂಗಳು ಮಾತೇ ಆಡಲಿಲ್ಲವಂತೆ. ಸಂಜೀವಣ್ಣ ಹೂರಾದ ಮನೆ ಬಿಟ್ಟು ಕ್ಯಾಂಪಿನ ಎಂಟು ಮಂಚದ ಕೋಣೆಗೆ ಬಂದರು. ಹೆಂಡತಿ ಮಗಳನ್ನು ಮತ್ತೆ ಕರೆಸಿಕೊಳ್ಳಲು ಎರಡು ಸಲ ಅರ್ಜಿ ಹಾಕಿದರು, ಎರಡು ಸಲವೂ ಬೇಡವೆಂದು ವಾಪಸು ಬಂತು. ಆ ಅರ್ಜಿಗಳನ್ನು ಟೈಪು ಮಾಡಿಕೊಟ್ಟವಳು ನಾನೇ. ಅದಕ್ಕೂ ಅವರು ನನಗೆ ಕೃತಜ್ಞರು. ಒಂಬತ್ತು ವರ್ಷ ಹೀಗೆ ಕಳೆಯಿತು.

ಈ ನಡುವೆ ಕೆಲಸದ ರೀತಿ ಬದಲಾಯಿತು. ಫ್ಯಾಕ್ಸು ಹೋಗಿ ಮಿಂಚಂಚೆ ಬಂತು. ವೋಟು ಬಿದ್ದ ಗಳಿಗೆಯಲ್ಲೇ ಮೊಬೈಲು ಟಿಂಗ್ ಎನ್ನತೊಡಗಿತು. ನನ್ನ ಒಂದು ಪುಟ ಯಾರಿಗೂ ಬೇಡವಾಯಿತು. ನಿವೃತ್ತಿಯ ಹಿಂದಿನ ವರ್ಷ ನನಗೆ ಕೊಟ್ಟ ಕೆಲಸ ಹಳೆಯ ಫೈಲುಗಳನ್ನು ಸ್ಕ್ಯಾನ್ ಮಾಡಿಸುವುದು. ಅದರಲ್ಲಿ 2007ರ ಆ ಕಟ್ಟು ಸಿಕ್ಕಿತು. ಮೇಲೆ ವಾಷಿಂಗ್ಟನ್ ಆಫೀಸಿನವರು ಅಂಟಿಸಿದ ಚೀಟಿ. 'ಸದಸ್ಯರು ಮೊದಲೇ ಬೆಂಬಲ ಘೋಷಿಸಿದ್ದಾರೆ. ಕಳಿಸುವ ಅಗತ್ಯ ಬೀಳಲಿಲ್ಲ. ಬಳಸಿಲ್ಲ.' ಚೀಟಿಯ ಮೇಲಿದ್ದ ದಿನ, ನಾನು ನೋಟೀಸು ಕೊಟ್ಟ ವಾರದ್ದೇ. ಯಾರೂ ನಮಗೆ ತಿಳಿಸುವ ಗೋಜಿಗೆ ಹೋಗಿರಲಿಲ್ಲ. ಕೆಳಗೆ ಆ ಫೋಟೋ. ಹೂರಾದ ಮನೆಯ ಗೋಡೆ, ಹೊಸ ಸೀರೆಯ ಜಯಂತಿ, ಯೂನಿಫಾರ್ಮಿನಲ್ಲಿ ಮುಖ ಊದಿಸಿಕೊಂಡ ಶ್ರಾವ್ಯ, ನಡುವೆ ಸೆಟೆದು ನಿಂತ ಸಂಜೀವಣ್ಣ. ನಾನು ಸ್ಕ್ಯಾನಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಸಂಜೀವಣ್ಣ ಕೆಲಸ ಮುಗಿಸಿ ಊರಿಗೆ ಹೊರಡುವ ಮುನ್ನ ನಮ್ಮ ಮನೆಗೆ ಬಂದರು. ಹಲ್ವಾದ ಡಬ್ಬಿ ತಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಂದವರೇ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನ ಬಾಗಿಲಿಗೆ ಅಂಗೈ ಇಟ್ಟು ನೋಡಿ, "ಇನ್ನೂ ಗಟ್ಟಿ ಉಂಟು" ಎಂದರು. ನಾನು ಫೈಲಿನಿಂದ ತೆಗೆದಿಟ್ಟಿದ್ದ ಫೋಟೋ ಅವರ ಕೈಗೆ ಕೊಟ್ಟೆ.

"ಅಯ್ಯೋ ದೇವರೇ! ಆ ಮ್ಯಾಗಜೀನ್ ಬರ್ಲೇ ಇಲ್ಲ ಅಲ್ವಾ ಮೇಡಂ? ಹೂರಾದ ಮನೆಯಲ್ಲಿ ನಾವು ಮೂರು ಜನ ಒಟ್ಟಿಗೆ ಇದ್ದ ಫೋಟೋ ನಮ್ಮತ್ರ ಒಂದೂ ಇಲ್ಲ." ಕನ್ನಡಕ ಒರೆಸಿ ಮತ್ತೆ ನೋಡಿದರು. "ನೀವು ಅವತ್ತು ಕೂತು ಕನ್ನಡದಲ್ಲಿ ಓದಿ ಹೇಳಿದ್ರಿ. ಬೇರೆ ಕಂಪನಿಯಲ್ಲಾದ್ರೆ ಕಾಗದ ಬಿಸಾಡಿ ಹೋಗು ಅಂತಾರೆ. ನಾನು ಊರಲ್ಲಿ ಎಲ್ಲರ ಹತ್ರ ಹೇಳೋದುಂಟು, ನಮ್ಮ ಗಿರಿಜಾ ಮೇಡಂ ಹಾಗೆ ಮೊದಲೇ ಎಚ್ಚರಿಸಿದ್ರು ಅಂತ."

ನಾನು ಚಹಾದ ಲೋಟವನ್ನು ಅವರ ಮುಂದೆ ಇಟ್ಟೆ.

"ಶ್ರಾವ್ಯ ಈಗಲೂ ಕೇಳ್ತಾಳೆ ಮೇಡಂ, ಪಪ್ಪಾ, ಆ ಬಿಲ್ ಕರೆ‌ಕ್ಟಾಗಿ ಯಾವತ್ತು ಪಾಸಾದ್ದು ಅಂತ. ನನಗೆಂತ ಗೊತ್ತು? ನಿಮಗೆ ಗೊತ್ತುಂಟಲ್ಲ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ಫೈಲು, ಚೀಟಿ ಎಲ್ಲ ಮುಗಿದ ಕಥೆ. ಸಾಹೇಬರು ಎಂದೋ ಅಮೆರಿಕಕ್ಕೆ ಹೋಗಿಯಾಗಿತ್ತು. ನನ್ನ ಕೆಲಸವೂ ಇನ್ನು ಕೆಲವೇ ವಾರದ್ದು. ಹೆದರುವುದಕ್ಕೆ ಏನೂ ಉಳಿದಿರಲಿಲ್ಲ.

"ಅವರು ಹೋದ ಮರುದಿನ ಸಂಜೀವಣ್ಣ. ಸಹಿ ಬಿದ್ದದ್ದು ನಮ್ಮ ಶನಿವಾರ" ಎಂದೆ.

ಅವರು ದೊಡ್ಡದೊಂದು ಉಸಿರು ಬಿಟ್ಟರು. ಮುಖ ಹಗುರಾಯಿತು. "ಹಾಗಾದ್ರೆ ಸರಿ. ನಮ್ಮ ಹಣೆಬರಹ ಅಷ್ಟೇ. ಒಂದಿನ ಮೊದಲೇ ಆಗಿದ್ದು, ನನಗೆ ಗೊತ್ತಾಗದೆ ಹೋದದ್ದು ಅಂತಿದ್ರೆ ಸಾಯುವ ತನಕ ಹೊಟ್ಟೆ ಉರೀತಿತ್ತು." ಫೋಟೋವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ನನಗೆ ಕೈ ಮುಗಿದು ಹೊರಟರು.

ಹುಡುಗಿಯರೇ, ನೀವು ಕೇಳಿದಿರೆಂದು ಸುರುಮಾಡಿದೆ, ಆದರೆ ಇದನ್ನು ಮೊದಲು ಓದಬೇಕಾದವಳು ಮೂಲ್ಕಿಯಲ್ಲಿದ್ದಾಳೆ. ಒಂದು ಪ್ರತಿಯನ್ನು ನಾಳೆ ಅವಳಿಗೆ ಅಂಚೆಗೆ ಹಾಕುತ್ತೇನೆ. ಕನ್ನಡ ಓದುವುದನ್ನು ನನ್ನಿಂದಾಗಿ ಕಲಿಯಬೇಕಾಗಿ ಬಂದವಳು, ಓದಿಕೊಳ್ಳುತ್ತಾಳೆ. ಶ್ರಾವ್ಯ, ನಿನ್ನ ತಂದೆ ಅವಸರಪಡಲಿಲ್ಲ. ಅದು ಪಾಸಾದದ್ದು ನಿಮ್ಮ ವಿಮಾನಕ್ಕಿಂತ ಮೊದಲೇ. ನನಗೆ ಬೆಳಿಗ್ಗೆ ಏಳಕ್ಕೇ ಗೊತ್ತಿತ್ತು. ಫೋನು ನನ್ನ ಕೈಯಲ್ಲೇ ಇತ್ತು.